ಮುಪ್ಪಿನಲ್ಲಿ ಇಳಿಯುವ ತೂಕ

ವಯಸ್ಸಾದವರ ಮೈತೂಕ ಇಳಿಯುವುದನ್ನು ಯಾರೂ ಕಾಯಿಲೆಯ ಲೆಕ್ಕಕ್ಕೆ ಹಿಡಿಯುವುದಿಲ್ಲ. ರವಿಕೆ ಸಡಿಲವಾಗುತ್ತದೆ, ಕೈಬಳೆ ಮೊಣಕೈಯತ್ತ ಜಾರುತ್ತದೆ, ಹಲ್ಲುಸೆಟ್ಟು ವಸಡಿನ ಮೇಲೆ ನಿಲ್ಲದಾಗುತ್ತದೆ. ‘ವಯಸ್ಸಾಯ್ತಲ್ಲ’ ಎಂಬ ಮಾತಿನೊಂದಿಗೆ ವಿಚಾರಣೆ ಮುಗಿಯುತ್ತದೆ. ವೈದ್ಯಶಾಸ್ತ್ರ ಇದನ್ನು ಒಪ್ಪುವುದಿಲ್ಲ. ಬೇಕೆಂದು ಇಳಿಸದಿದ್ದರೂ ಆರು ತಿಂಗಳಿಂದ ಒಂದು ವರ್ಷದೊಳಗೆ ಮೈತೂಕದ ಶೇ 5ಕ್ಕಿಂತ ಹೆಚ್ಚು ಕಡಿಮೆಯಾದರೆ ಅದರ ಕಾರಣ ಹುಡುಕಲೇಬೇಕು. 50 ಕೆ.ಜಿ. ಇದ್ದವರಿಗೆ ಅದು ಬರೀ ಎರಡೂವರೆ ಕೆ.ಜಿ. ಸೀರೆಯ ನೆರಿಗೆಯಲ್ಲೋ ಪಂಚೆಯ ಮಡಿಕೆಯಲ್ಲೋ ಮರೆಯಾಗಿಬಿಡುವಷ್ಟು ಸಣ್ಣ ಇಳಿಕೆ. ಆದರೆ ಬಿದ್ದು ಮೂಳೆ ಮುರಿಯುವುದು, ಗಾಯ ಮಾಯದಿರುವುದು, ಸೋಂಕು ಮರುಕಳಿಸುವುದು, ಕೊನೆಗೆ ಎದ್ದು ಓಡಾಡಲಾಗದೆ ಹಾಸಿಗೆ ಹಿಡಿಯುವುದು, ಇವೆಲ್ಲದಕ್ಕೂ ಎಷ್ಟೋ ಸಲ ಮುನ್ಸೂಚನೆ ಅದೇ.

ದೇಶದ ಹಿರಿಯರ ಬಗ್ಗೆ ನಡೆದ ಅತಿ ದೊಡ್ಡ ಸಮೀಕ್ಷೆ ‘ಲಾಸಿ’. 2017–18ರಲ್ಲಿ 45 ವರ್ಷ ದಾಟಿದ 72 ಸಾವಿರಕ್ಕೂ ಹೆಚ್ಚು ಜನರನ್ನು ಮನೆಗಳಲ್ಲೇ ಭೇಟಿ ಮಾಡಿ, ತೂಕ, ಎತ್ತರ, ಹಿಡಿತದ ಬಲ ಅಳೆದ ಈ ಅಧ್ಯಯನದ ಮೊದಲ ವರದಿ 2021ರ ಜನವರಿಯಲ್ಲಿ ಹೊರಬಂತು. ಅದರ ಪ್ರಕಾರ 60 ದಾಟಿದವರಲ್ಲಿ ಶೇ 27ರಷ್ಟು ಜನರ ತೂಕ ಇರಬೇಕಾದ್ದಕ್ಕಿಂತ ಕಡಿಮೆ. ಶೇ 22ರಷ್ಟು ಜನರದು ಹೆಚ್ಚು. ಸರಿಯಾದ ತೂಕದಲ್ಲಿರುವವರು ಅರ್ಧದಷ್ಟು ಮಾತ್ರ ಎಂದಾಯಿತು. 2011ರ ಜನಗಣತಿಯಲ್ಲೇ ಕರ್ನಾಟಕದ ಜನರಲ್ಲಿ 60 ದಾಟಿದವರು ಶೇ 9.5ರಷ್ಟಿದ್ದರು. ಆ ಪಾಲು ಏರುತ್ತಲೇ ಇದೆ. ಹಿರಿಯರ ತಟ್ಟೆಯಲ್ಲಿ ಏನಿದೆ ಎಂಬುದು ಇನ್ನು ಮನೆಯೊಳಗಿನ ವಿಷಯವಾಗಿ ಮಾತ್ರ ಉಳಿಯಲಾರದು.

ಕಡಿಮೆ ತೂಕ, ಹೆಚ್ಚು ತೂಕ ಎಂಬ ಈ ಎರಡು ತುದಿಗಳೂ ಒಂದೇ ಬೀದಿಯಲ್ಲಿ ಕಾಣಸಿಗುವ ಊರುಗಳಿವೆ. ಹೊಸಕೋಟೆ ತಾಲ್ಲೂಕಿನ ಐದು ಹೋಬಳಿಗಳಲ್ಲಿ ಒಂದಾದ ಅನುಗೊಂಡನಹಳ್ಳಿ ಅಂಥದ್ದು. ಒಂದು ಕಡೆ ವೈಟ್‌ಫೀಲ್ಡ್–ಕಾಡುಗೋಡಿ, ಇನ್ನೊಂದು ಕಡೆ ಕೋಲಾರ ಜಿಲ್ಲೆಯ ಮಾಲೂರು. ರಾಗಿ, ಹುರುಳಿ, ಅವರೆ ಬೆಳೆಯುತ್ತಿದ್ದ ಬಯಲುಸೀಮೆಯ ಹೊಲಗಳಲ್ಲಿ ಮೊದಲು ನೀಲಗಿರಿ ಬಂತು, ಆಮೇಲೆ ಲೇಔಟು, ಗೋದಾಮು ಬಂದವು. ಜಮೀನು ಮಾರಿದ ಮನೆಯ ಹಿರಿಯರಿಗೆ ಕೆಲಸ ನಿಂತಿತು, ಊಟ ನಿಲ್ಲಲಿಲ್ಲ. ಅಲ್ಲಿ ಹೊಟ್ಟೆ ಬಂದಿದೆ, ಮಂಡಿ ನೋವಿದೆ, ಸಕ್ಕರೆ ಕಾಯಿಲೆ ಇದೆ. ಜಮೀನೇ ಇಲ್ಲದೆ ಕೂಲಿ ಮಾಡಿ ಬದುಕಿದವರ ಮನೆಯಲ್ಲಿ ಮೈ ಒಣಗಿದೆ. ಮಗ, ಸೊಸೆ ಇಬ್ಬರೂ ಬೆಳಗಾಗುವ ಮುನ್ನ ಕೆಲಸಕ್ಕೆ ಹೊರಡುವ ಮನೆಯಲ್ಲಿ ಅಜ್ಜಿ ಬೆಳಿಗ್ಗೆ ಮಾಡಿಟ್ಟದ್ದನ್ನೇ ಮಧ್ಯಾಹ್ನ ಒಬ್ಬಳೇ ಕೂತು ತಿನ್ನುತ್ತಾಳೆ, ಇಲ್ಲವೇ ಒಂದು ಲೋಟ ಕಾಫಿ ಕುಡಿದು ಮಲಗುತ್ತಾಳೆ.

ಈ ಸೀಮೆಯ ಊಟವನ್ನು ದೂರುವಂತಿಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಬೇರೆ ಯಾವ ಧಾನ್ಯವೂ ಅದರ ಹತ್ತಿರಕ್ಕೆ ಬರುವುದಿಲ್ಲ. ಮುದ್ದೆಯ ಜೊತೆಗೆ ಬಸ್ಸಾರು, ಮಸ್ಸೊಪ್ಪು, ಮೊಳಕೆ ಹುರುಳಿಕಾಳಿನ ಸಾರು, ಚಳಿಗಾಲದಲ್ಲಿ ಹಿತಕಿದ ಅವರೆಬೇಳೆ, ಹಬ್ಬಕ್ಕೊಮ್ಮೆ ಕೋಳಿಸಾರು: ಹಿಂದಿನವರು ಕಂಡುಕೊಂಡ ಜೋಡಿಗಳಿವು. ಧಾನ್ಯದ ಪ್ರೋಟೀನಿನಲ್ಲಿ ಲೈಸೀನ್ ಎಂಬ ಅಂಶ ಕಡಿಮೆ, ಕಾಳಿನಲ್ಲಿ ಅದು ಧಾರಾಳ. ಎರಡೂ ಸೇರಿದಾಗ ಮೈಗೆ ಹತ್ತುವ ಪ್ರೋಟೀನು ಸಿಗುತ್ತದೆ. ತೊಡಕು ಬರುವುದು ಹಲ್ಲು ಬಿದ್ದ ಮೇಲೆ. ಮುದ್ದೆಗೆ ಹಲ್ಲು ಬೇಡ, ಅದು ನುಂಗುವ ಊಟ. ಆದರೆ ಸಾರಿನೊಳಗಿನ ಕಾಳಿಗೆ, ಸೊಪ್ಪಿನ ದಂಟಿಗೆ, ಮಾಂಸದ ತುಂಡಿಗೆ ಹಲ್ಲು ಬೇಕು. ಅಜ್ಜ ಮುದ್ದೆಯನ್ನು ತಿಳಿಸಾರಿನಲ್ಲಿ ಅದ್ದಿ ನುಂಗುತ್ತಾನೆ, ಕಾಳು ತಟ್ಟೆಯ ಅಂಚಿನಲ್ಲಿ ಉಳಿಯುತ್ತದೆ. ಹೊಟ್ಟೆ ತುಂಬಿದ್ದಕ್ಕೆ ಮನೆಯವರಿಗೂ ಸಮಾಧಾನ. ತಟ್ಟೆಯ ಅಂಚಿಗೆ ಸರಿದದ್ದು ಆ ಊಟದ ಪ್ರೋಟೀನು ಎಂಬುದು ಯಾರ ಗಮನಕ್ಕೂ ಬರುವುದಿಲ್ಲ.

ಲೆಕ್ಕ ಹಾಕಿ ನೋಡಿದರೆ ಕೊರತೆಯ ಅಳತೆ ಸಿಗುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ನಿಗದಿ ಮಾಡಿದ ಪ್ರಕಾರ ವಯಸ್ಕರಿಗೆ ದಿನಕ್ಕೆ, ಮೈತೂಕದ ಪ್ರತಿ ಕೆ.ಜಿ.ಗೆ 0.83 ಗ್ರಾಂ ಪ್ರೋಟೀನು ಬೇಕು. ವೃದ್ಧಾಪ್ಯ ವೈದ್ಯದ ಅಂತರರಾಷ್ಟ್ರೀಯ ತಜ್ಞರ ಗುಂಪು 2013ರಲ್ಲಿ ಹಿರಿಯರಿಗೆ ಇದು ಸಾಲದೆಂದು, 1ರಿಂದ 1.2 ಗ್ರಾಂ ಬೇಕೆಂದು ಹೇಳಿತು. ವಯಸ್ಸಾದ ಸ್ನಾಯು ತಿಂದ ಪ್ರೋಟೀನನ್ನು ಮೊದಲಿನಷ್ಟು ಚುರುಕಾಗಿ ಬಳಸಿಕೊಳ್ಳುವುದಿಲ್ಲ ಎಂಬುದು ಅದಕ್ಕೆ ಕಾರಣ. 45 ಕೆ.ಜಿ. ತೂಗುವ ಒಬ್ಬ ಅಜ್ಜಿಗೆ ಮೊದಲ ಲೆಕ್ಕದಲ್ಲಿ 37 ಗ್ರಾಂ, ಎರಡನೆಯದರಲ್ಲಿ 45ರಿಂದ 54 ಗ್ರಾಂ ಬೇಕು. ಆಕೆ ದಿನಕ್ಕೆ 150 ಗ್ರಾಂ ರಾಗಿಹಿಟ್ಟಿನ ಮುದ್ದೆ, 100 ಗ್ರಾಂ ಅಕ್ಕಿಯ ಅನ್ನ, ಕಾಫಿಗೆ 100 ಮಿಲಿಲೀಟರ್ ಹಾಲು, ಸಾರಿನ ಮೂಲಕ ಹೆಚ್ಚೆಂದರೆ 20 ಗ್ರಾಂ ಬೇಳೆ ಸೇವಿಸಿದರೆ ಸಿಗುವುದು 26–27 ಗ್ರಾಂ. ಹತ್ತು ಗ್ರಾಂ ಖೋತಾ, ತಜ್ಞರ ಲೆಕ್ಕದಲ್ಲಿ 18ರಿಂದ 28 ಗ್ರಾಂ. ಇದಕ್ಕೆ ಒಂದು ಮೊಟ್ಟೆ, ಒಂದು ಲೋಟ ಹಾಲು, ಒಂದು ಹಿಡಿ ಹುರುಳಿಕಾಳು ಸೇರಿಸಿದರೆ ಸುಮಾರು 19 ಗ್ರಾಂ ಬರುತ್ತದೆ. ಕೊರತೆ ಬಹುಪಾಲು ಅಲ್ಲಿಗೆ ತುಂಬಿತು. ಕಾಳನ್ನು ಬೇಯಿಸಿ ಸಾರಿಗೇ ರುಬ್ಬಿ ಹಾಕಿದರೆ, ಸೊಪ್ಪನ್ನು ಬೇಳೆಯೊಂದಿಗೆ ಮಸೆದರೆ, ಹುರಿಹಿಟ್ಟಿಗೆ ಹುರಿಗಡಲೆ ಬೆರೆಸಿದರೆ, ಅಂಬಲಿಗೆ ನೀರುಮಜ್ಜಿಗೆಯ ಬದಲು ಗಟ್ಟಿ ಮೊಸರು ಕದಡಿದರೆ ಹಲ್ಲಿನ ತಂಟೆಯೂ ಇಲ್ಲ. ಪುಡಿಡಬ್ಬಿಯಲ್ಲಿ ಮಾರುವ ದುಬಾರಿ ಪ್ರೋಟೀನಿಗಿಂತ ಇದು ಎಷ್ಟೋ ಮೇಲು.

ಹಾಲಿನ ವಿಷಯದಲ್ಲಿ ಇನ್ನೊಂದು ಮಾತು ಹೇಳಬೇಕು. ಊರೂರಿಗೂ ಹಾಲಿನ ಡೈರಿ ಇರುವ ಸೀಮೆ ಇದು. ಎರಡು ಹೊತ್ತೂ ಕ್ಯಾನು ಡೈರಿಗೆ ಹೋಗುತ್ತದೆ, ಹದಿನೈದು ದಿನಕ್ಕೋ ತಿಂಗಳಿಗೋ ಕೈಗೆ ಬರುವ ಆ ದುಡ್ಡಿನಲ್ಲೇ ಸಂಸಾರ ನಡೆಯುತ್ತದೆ. ಹಸುವಿಗೆ ಹುಲ್ಲು ಹಾಕುವ, ಸಗಣಿ ಬಾಚುವ ಅಜ್ಜಿಯ ಪಾಲಿಗೆ ಉಳಿಯುವುದು ಕಾಫಿಗೆ ಬೇಕಾದಷ್ಟೇ. ಯಾರೂ ಬೇಡವೆಂದು ತಡೆದದ್ದಲ್ಲ. ಮಕ್ಕಳಿಗೆ, ದುಡಿಯುವವರಿಗೆ ಮೊದಲು ಬಡಿಸಿ ತಾನು ಕೊನೆಗೆ ಕೂರುವ ರೂಢಿ ಆಕೆಯದೇ. ಐವತ್ತು ವರ್ಷ ಕೊನೆಯಲ್ಲಿ ಉಂಡ ದೇಹ ಮುಪ್ಪಿಗೆ ಬರುವಾಗಲೇ ಸಾಲ ಹೊತ್ತು ಬಂದಿರುತ್ತದೆ. ವಯಸ್ಸಾದ ಹೆಂಗಸರ ಪೌಷ್ಟಿಕತೆಯನ್ನು ಬೇರೆಯಾಗಿಯೇ ನೋಡಬೇಕೆನ್ನುವುದು ಈ ಕಾರಣಕ್ಕೆ.

ತೂಕ ಇಳಿಯುವಾಗ ಕಳೆದುಹೋಗುವುದು ಕೊಬ್ಬು ಮಾತ್ರವಲ್ಲ, ಸ್ನಾಯು. ವಯಸ್ಸಿನೊಂದಿಗೆ ಸ್ನಾಯು ಸವೆಯುವ ಈ ಸ್ಥಿತಿಗೆ 1989ರಲ್ಲಿ ಅಮೆರಿಕದ ಅರ್ವಿನ್ ರೋಸೆನ್‌ಬರ್ಗ್ ‘ಸಾರ್ಕೋಪೀನಿಯಾ’ ಎಂದು ಹೆಸರಿಟ್ಟರು. ಏಷ್ಯಾದ ತಜ್ಞರ ಗುಂಪು 2019ರಲ್ಲಿ ಇದಕ್ಕೆ ಸರಳ ಮಾನದಂಡ ಕೊಟ್ಟಿತು. ಕೈಹಿಡಿತದ ಬಲ ಗಂಡಸರಲ್ಲಿ 28 ಕೆ.ಜಿ., ಹೆಂಗಸರಲ್ಲಿ 18 ಕೆ.ಜಿ.ಗಿಂತ ಕಡಿಮೆಯಾದರೆ, ಕುರ್ಚಿಯಿಂದ ಕೈ ಊರದೆ ಐದು ಸಲ ಎದ್ದು ಕೂರಲು 12 ಸೆಕೆಂಡ್ ಅಥವಾ ಅದಕ್ಕೂ ಹೆಚ್ಚು ಹಿಡಿದರೆ, ಮೀನಖಂಡದ ಸುತ್ತಳತೆ ಗಂಡಸರಲ್ಲಿ 34, ಹೆಂಗಸರಲ್ಲಿ 33 ಸೆಂಟಿಮೀಟರ್‌ಗಿಂತ ಕಡಿಮೆಯಿದ್ದರೆ ಎಚ್ಚರ ಬೇಕು. ಟೇಪು ಕೂಡ ಇಲ್ಲದಿದ್ದರೆ ಜಪಾನಿನ ಕಾಶಿವಾ ನಗರದ ಸಂಶೋಧಕರು ಬಳಸಿದ ವಿಧಾನವಿದೆ: ಎರಡೂ ಕೈಗಳ ಹೆಬ್ಬೆರಳು, ತೋರುಬೆರಳು ಸೇರಿಸಿ ಬಳೆ ಮಾಡಿ ಮೀನಖಂಡದ ದಪ್ಪಭಾಗವನ್ನು ಬಳಸಬೇಕು. ಬೆರಳು ಕೂಡದಿದ್ದರೆ ಒಳ್ಳೆಯದು. ಕೂಡಿದ ಮೇಲೂ ನಡುವೆ ಸಂದು ಉಳಿದರೆ ಸ್ನಾಯು ಸವೆದಿರುವ ಸಾಧ್ಯತೆ ಹೆಚ್ಚು. ಆಶಾ ಕಾರ್ಯಕರ್ತೆ ಮನೆಯಂಗಳದಲ್ಲಿ ನಿಂತು ಒಂದು ನಿಮಿಷದಲ್ಲಿ ಮಾಡಬಹುದಾದ ಪರೀಕ್ಷೆ ಇದು.

ಇಷ್ಟಾದರೂ ‘ಸರಿಯಾದ ತೂಕ’ ಯಾವುದು ಎಂಬ ಪ್ರಶ್ನೆ ಉಳಿಯುತ್ತದೆ, ಅದರ ಉತ್ತರ ಸಲೀಸಲ್ಲ. ಎತ್ತರಕ್ಕೆ ತಕ್ಕ ತೂಕ ತೋರಿಸುವ ಬಿಎಂಐ ಸೂಚ್ಯಂಕ 18.5ಕ್ಕಿಂತ ಕಡಿಮೆಯಾದರೆ ಕೃಶತೆ, 25 ದಾಟಿದರೆ ಅಧಿಕ ತೂಕ ಎಂಬುದು ಎಲ್ಲ ವಯಸ್ಕರಿಗೂ ಹಾಕಿದ ಗೆರೆ. ಏಷ್ಯಾದವರಿಗೆ 23ರಿಂದಲೇ ಅಪಾಯ ಏರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2004ರಲ್ಲಿ ಹೇಳಿದರು. ಆದರೆ 65 ದಾಟಿದ ಸುಮಾರು 1.98 ಲಕ್ಷ ಜನರ ಮಾಹಿತಿ ಒಟ್ಟುಗೂಡಿಸಿದ 2014ರ ಒಂದು ವಿಶ್ಲೇಷಣೆಯಲ್ಲಿ ಸಾವಿನ ಅಪಾಯ 23ರ ಕೆಳಗೆ ಏರತೊಡಗಿ, 24ರಿಂದ 30ರ ನಡುವೆ ಅತಿ ಕಡಿಮೆ ಇತ್ತು. ಆ ಅಧ್ಯಯನಗಳಲ್ಲಿದ್ದವರು ಬಹುತೇಕ ಪಾಶ್ಚಾತ್ಯರು, ಹಾಗಾಗಿ ಆ ಅಂಕಿಗಳನ್ನು ಹೊಸಕೋಟೆಗೆ ನೇರವಾಗಿ ತರಲಾಗದು. ತರಬಹುದಾದದ್ದು ಅದರ ತಿರುಳು: ನಡುವಯಸ್ಸಿನಲ್ಲಿ ತೆಳ್ಳಗಿರುವುದು ಎಷ್ಟು ಒಳ್ಳೆಯದೋ ಎಪ್ಪತ್ತೈದರಲ್ಲಿ ಅಷ್ಟು ಒಳ್ಳೆಯದಲ್ಲ. ಜಪಾನ್ ಇದನ್ನು ಸರ್ಕಾರಿ ನಿಯಮದಲ್ಲೇ ಒಪ್ಪಿಕೊಂಡಿದೆ. ಅಲ್ಲಿನ 2020ರ ಆಹಾರ ಮಾನದಂಡ 65 ದಾಟಿದವರಿಗೆ ಗುರಿಯಾಗಿ ಇಟ್ಟದ್ದು 21.5ರಿಂದ 24.9. ಕೆಳಗಿನ ಗೆರೆಯನ್ನು ಮೂರು ಅಂಕ ಮೇಲೆತ್ತಿದ ಆ ನಿರ್ಧಾರ ಭಾರತಕ್ಕೂ ಯೋಗ್ಯವಾದದ್ದು. ಅದೂ ಅಲ್ಲದೆ, ಬೆನ್ನು ಬಾಗಿದವರ ಎತ್ತರವನ್ನು ಸರಿಯಾಗಿ ಅಳೆಯಲಾಗದು. ಕುಗ್ಗಿದ ಎತ್ತರದಿಂದ ಭಾಗಿಸಿದಾಗ ಕೃಶರೂ ಸರಿಯಾಗಿದ್ದಾರೆಂದು ತೋರುತ್ತದೆ. ಹೀಗಾಗಿ ಹಿರಿಯರ ಮಟ್ಟಿಗೆ ಒಂದು ದಿನದ ಬಿಎಂಐಗಿಂತ ಮೂರು ತಿಂಗಳ ತೂಕದ ಓಟ ಹೆಚ್ಚು ಹೇಳುತ್ತದೆ.

ಮೈ ಭಾರವಾದವರ ಕಷ್ಟ ಇದರಿಂದ ಕಡಿಮೆಯಾಗುವುದಿಲ್ಲ. ಭಾರತೀಯರ ದೇಹದಲ್ಲಿ ಒಂದು ವೈಚಿತ್ರ್ಯವಿದೆ: ತೂಕ ಕಡಿಮೆ ಇದ್ದರೂ ಹೊಟ್ಟೆಯ ಸುತ್ತ ಕೊಬ್ಬು ಹೆಚ್ಚು, ಸ್ನಾಯು ಕಡಿಮೆ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಅವರ ಅಧ್ಯಯನಗಳು ಇದರ ಬೇರು ಹುಟ್ಟಿಗೂ ಮೊದಲೇ, ತಾಯಿಯ ಗರ್ಭದಲ್ಲೇ ಇದೆಯೆಂದು ತೋರಿಸಿದವು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, ಊರವರ ಮಾತಿನ ಮಿಷನ್ ಆಸ್ಪತ್ರೆಯಲ್ಲಿ, 1934ರಿಂದ ಕೂಸುಗಳ ತೂಕ ಬರೆದಿಟ್ಟಿದ್ದರು. ಅಲ್ಲಿ 1934ರಿಂದ 1954ರ ನಡುವೆ ಹುಟ್ಟಿದ 517 ಜನರನ್ನು ಹುಡುಕಿ ಪರೀಕ್ಷಿಸಿ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡೂವರೆ ಕೆ.ಜಿ. ಅಥವಾ ಅದಕ್ಕೂ ಕಡಿಮೆ ತೂಕದಲ್ಲಿ ಹುಟ್ಟಿದವರ ಪೈಕಿ ಶೇ 11ರಷ್ಟು ಜನರಿಗೆ ಹೃದ್ರೋಗವಿತ್ತು, 3.1 ಕೆ.ಜಿ. ಮೇಲಿದ್ದವರಲ್ಲಿ ಶೇ 3ರಷ್ಟು. ಇಂದಿನ ಅಜ್ಜ ಅಜ್ಜಿಯರು ಆ ಕಾಲದ ಕೂಸುಗಳೇ. ಅವರ ಇಂದಿನ ಮೈಕಟ್ಟಿಗೆ ಅವರ ಅಮ್ಮಂದಿರು ಉಂಡದ್ದೂ ಕಾರಣ ಎಂದಮೇಲೆ, ತೂಕದ ವಿಷಯದಲ್ಲಿ ಹಿರಿಯರನ್ನು ಗದರಿಸುವುದರಲ್ಲಿ ಅರ್ಥವಿಲ್ಲ.

ಅವರು ಮೈ ಇಳಿಸಬೇಕಾದರೆ ಹೇಗೆ ಎಂಬುದಕ್ಕೂ ಒಳ್ಳೆಯ ಪುರಾವೆ ಇದೆ. ಸ್ಥೂಲಕಾಯದ, 65 ದಾಟಿದ 107 ಜನರ ಮೇಲೆ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಒಂದು ವರ್ಷ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಊಟ ಮಾತ್ರ ಕಡಿಮೆ ಮಾಡಿದವರು ಶೇ 10ರಷ್ಟು ತೂಕ ಇಳಿಸಿದರು, ಆದರೆ ಕೊಬ್ಬಲ್ಲದ ಮೈಭಾಗದಲ್ಲಿ ಶೇ 5ರಷ್ಟು ಕಳೆದುಕೊಂಡರು. ಊಟದ ಜೊತೆ ವ್ಯಾಯಾಮವನ್ನೂ ಮಾಡಿದವರ ತೂಕ ಹೆಚ್ಚುಕಡಿಮೆ ಅಷ್ಟೇ ಇಳಿಯಿತು, ಸ್ನಾಯುನಷ್ಟ ಶೇ 3ಕ್ಕೆ ನಿಂತಿತು, ಓಡಾಡುವ ಶಕ್ತಿ ಎಲ್ಲರಿಗಿಂತ ಹೆಚ್ಚು ಸುಧಾರಿಸಿತು. ಉಪವಾಸದಿಂದ ತೂಕ ಇಳಿಸುವುದು ಎಪ್ಪತ್ತರ ನಂತರ ಅಪಾಯದ ದಾರಿ. ಸಕ್ಕರೆ ಕಾಯಿಲೆಯವರಲ್ಲಿ ಇದು ಹೆಚ್ಚು ಕಾಣುತ್ತದೆ. ಅನ್ನ ಬಿಡಿ ಎಂದದ್ದಕ್ಕೆ ಅನ್ನ ಬಿಟ್ಟು, ಹಣ್ಣು ಬಿಟ್ಟು, ಹಾಲು ಬಿಟ್ಟು, ಕೊನೆಗೆ ಮುದ್ದೆಯೊಂದನ್ನೇ ಹಿಡಿದುಕೊಂಡವರು ಹಳ್ಳಿಗಳಲ್ಲಿ ಅನೇಕರು. ರಾಗಿಯೂ ಪಿಷ್ಟವೇ, ಅದಕ್ಕೂ ಮಿತಿ ಬೇಕು. ಬಿಟ್ಟದ್ದರ ಜಾಗಕ್ಕೆ ಕಾಳು, ಸೊಪ್ಪು, ಮೊಟ್ಟೆ ಬರಬೇಕು ಎಂದು ಬಿಡಿಸಿ ಹೇಳುವವರು ಕಡಿಮೆ.

ತೂಕ ಇಳಿಯಲು ಬಡತನ ಒಂದೇ ಕಾರಣವಲ್ಲ. ವಯಸ್ಸಿನೊಂದಿಗೆ ನಾಲಿಗೆಯ ರುಚಿ, ಮೂಗಿನ ವಾಸನೆ ಮಂಕಾಗುತ್ತವೆ. ಜಠರ ನಿಧಾನವಾಗಿ ಖಾಲಿಯಾಗುವುದರಿಂದ ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದಂತಾಗುತ್ತದೆ. ಮಧುಮೇಹಕ್ಕೆ ಕೊಡುವ ಮೆಟ್‌ಫಾರ್ಮಿನ್ ಕೆಲವರ ಹಸಿವನ್ನು ಕುಗ್ಗಿಸುತ್ತದೆ, ಬಹುಕಾಲ ತೆಗೆದುಕೊಂಡರೆ ಬಿ12 ಜೀವಸತ್ವವನ್ನೂ ಕಡಿಮೆ ಮಾಡುತ್ತದೆ. ಕ್ಷಯ, ಥೈರಾಯ್ಡ್, ಹತೋಟಿ ತಪ್ಪಿದ ಸಕ್ಕರೆ, ಕ್ಯಾನ್ಸರ್ ಮೊದಲು ಕಾಣಿಸಿಕೊಳ್ಳುವುದು ಎಷ್ಟೋ ಸಲ ತೂಕದಲ್ಲೇ. ಖಿನ್ನತೆಯೂ ಅಷ್ಟೇ, ಗಂಡ ತೀರಿಕೊಂಡ ಮೇಲೆ ಒಲೆ ಹಚ್ಚಲು ಮನಸ್ಸಿಲ್ಲದವರಿಗೆ ಟಾನಿಕ್ಕು ಬರೆದುಕೊಟ್ಟರೆ ಹಸಿವು ಮರಳುವುದಿಲ್ಲ. ರಾತ್ರಿ ಪದೇ ಪದೇ ಏಳಬೇಕಾದೀತೆಂದು ನೀರು ಕಡಿಮೆ ಮಾಡುವವರು, ಬಯಲಿಗೋ ದೂರದ ಶೌಚಾಲಯಕ್ಕೋ ಹೋಗಲು ಅಂಜಿ ಊಟವನ್ನೇ ಕಡಿಮೆ ಮಾಡುವವರು ಇದ್ದಾರೆ. ಮನೆಯ ಬಚ್ಚಲಿನಲ್ಲಿ ಹಿಡಿದು ಏಳಲು ಒಂದು ಕಂಬಿ ಹಾಕಿಸುವುದು ಅವರ ಊಟಕ್ಕೂ ಸಂಬಂಧಪಟ್ಟ ಕೆಲಸ.

ಆಸ್ಪತ್ರೆಯ ಹಾಸಿಗೆ ಈ ಸವೆತವನ್ನು ಒಮ್ಮೆಲೇ ಹೆಚ್ಚಿಸುತ್ತದೆ. ಆರೋಗ್ಯವಂತ ಹಿರಿಯರನ್ನು ಹತ್ತು ದಿನ ಮಲಗಿಸಿ ನಡೆಸಿದ ಅಧ್ಯಯನದಲ್ಲಿ (2007) ಅವರ ಕಾಲುಗಳಿಂದ ಹತ್ತಿರಹತ್ತಿರ ಒಂದು ಕೆ.ಜಿ. ಸ್ನಾಯು ಕರಗಿತ್ತು. ಜ್ವರವೋ ಸೊಂಟದ ಮುರಿತವೋ ಜೊತೆಗಿದ್ದರೆ ನಷ್ಟ ಇನ್ನೂ ಹೆಚ್ಚು. ಆದರೆ ಕಳೆದುಕೊಂಡದ್ದು ಮರಳಿ ಬರಲಾರದು ಎಂದುಕೊಳ್ಳಬೇಕಾಗಿಲ್ಲ. ಬಾಸ್ಟನ್ನಿನ ಮರಿಯಾ ಫಿಯಾಟರೋನ್ ಮತ್ತು ಸಂಗಡಿಗರು ವೃದ್ಧಾಶ್ರಮದ, ಸರಾಸರಿ 87 ವಯಸ್ಸಿನ ನೂರು ಜನರನ್ನು ಗುಂಪುಗಳಾಗಿ ವಿಂಗಡಿಸಿ, ಕೆಲವರಿಗೆ ಹತ್ತು ವಾರ ಭಾರ ಎತ್ತುವ ವ್ಯಾಯಾಮ ಮಾಡಿಸಿದರು. 1994ರಲ್ಲಿ ಪ್ರಕಟವಾದ ಫಲಿತಾಂಶದಂತೆ ಅವರ ಸ್ನಾಯುಬಲ ದುಪ್ಪಟ್ಟಿಗಿಂತ ಹೆಚ್ಚಾಯಿತು, ನಡಿಗೆ ಚುರುಕಾಯಿತು. ವ್ಯಾಯಾಮವಿಲ್ಲದೆ ಪೂರಕ ಆಹಾರ ಮಾತ್ರ ಪಡೆದವರಲ್ಲಿ ಬಲ ಹೆಚ್ಚಲಿಲ್ಲ. ಕಾಳು ತಿಂದವರು ಕಾಲಿಗೂ ಕೆಲಸ ಕೊಡಬೇಕು. ಗೋಡೆಗೆ ಆನಿಸಿದ ಕುರ್ಚಿಯಿಂದ ದಿನಕ್ಕೆ ಎರಡು ಹೊತ್ತು ಹತ್ತು ಹತ್ತು ಸಲ ಎದ್ದು ಕೂರುವುದು, ನೀರು ತುಂಬಿದ ಬಾಟಲಿ ಎತ್ತಿಳಿಸುವುದು ಆರಂಭಕ್ಕೆ ಸಾಕು.

ಹಿರಿಯರ ಬದುಕಿನ ಗುಣಮಟ್ಟವನ್ನು ಅಳೆಯಲು ವಿಶ್ವ ಆರೋಗ್ಯ ಸಂಸ್ಥೆಯದೇ ಪ್ರಶ್ನಾವಳಿಗಳಿವೆ. ಹಳ್ಳಿಯ ಹಿರಿಯರಿಗೆ ಅದರ ಅರ್ಥ ಇಷ್ಟು: ನೆಲದಿಂದ ಯಾರ ಕೈಯನ್ನೂ ಹಿಡಿಯದೆ ಏಳುವುದು, ಡೈರಿಗೆ ಹೋಗಿ ಬರುವುದು, ಬಸ್ಸಿನ ಮೆಟ್ಟಿಲು ಹತ್ತಿ ಮಗಳ ಊರಿಗೆ ಹೋಗುವುದು, ಅರಳಿಕಟ್ಟೆಯಲ್ಲಿ ನಾಲ್ಕು ಜನರ ಜೊತೆ ಕೂರುವುದು. 2023ರ ಜೂನ್‌ನಲ್ಲಿ ಬಂದ ‘ಶಕ್ತಿ’ ಯೋಜನೆಯಿಂದ ಹೆಂಗಸರಿಗೆ ಬಸ್ಸು ಪುಕ್ಕಟೆಯಾಗಿದೆ. ಮೆಟ್ಟಿಲು ಹತ್ತುವ ಶಕ್ತಿ ತೊಡೆಯ ಸ್ನಾಯುವಿನಿಂದಲೇ ಬರಬೇಕು. ಉಣ್ಣುವುದು ಕಡಿಮೆಯಾದರೆ ಕಾಲು ಸೋಲುತ್ತದೆ, ಕಾಲು ಸೋತರೆ ಹೊರಗೆ ಹೋಗುವುದು ನಿಲ್ಲುತ್ತದೆ, ಒಬ್ಬರೇ ಉಳಿದಾಗ ಊಟ ಇನ್ನೂ ಕಡಿಮೆಯಾಗುತ್ತದೆ. ಈ ಸುತ್ತನ್ನು ಎಲ್ಲಿ ಮುರಿದರೂ ಉಳಿದ ಕೊಂಡಿಗಳು ಸಡಿಲವಾಗುತ್ತವೆ, ಮುರಿಯಲು ಅತಿ ಸುಲಭದ ಜಾಗ ಊಟ.

ಸರ್ಕಾರ ಇಲ್ಲಿ ಏನು ಮಾಡಿದೆ? ಮಕ್ಕಳ ವಿಷಯದಲ್ಲಿ ಸಾಕಷ್ಟು ಮಾಡಿದೆ. 1975ರಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಂದಿನಿಂದ ಅಂಗನವಾಡಿಯ ತಕ್ಕಡಿ ಕೂಸುಗಳ ತೂಕವನ್ನು ತಪ್ಪದೆ ಬರೆಯುತ್ತಿದೆ. 2013ರಿಂದ ಕ್ಷೀರಭಾಗ್ಯದ ಹಾಲು ಬಂತು. ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ 2024ರಿಂದ ಶಾಲೆಗಳಲ್ಲಿ ವಾರಕ್ಕೆ ಆರು ದಿನ ಮೊಟ್ಟೆ. ಅದೇ ಶಾಲೆಯ ಕಾಂಪೌಂಡಿನಾಚೆಗಿನ ಅಜ್ಜಿಯ ತೂಕವನ್ನು ಹೀಗೆ ತಿಂಗಳ ತಿಂಗಳು ಯಾರೂ ಬರೆದಿಡುವುದಿಲ್ಲ, ಆಕೆಗೆ ಮೊಟ್ಟೆಯೂ ಇಲ್ಲ. 65 ದಾಟಿದ ಅರ್ಹರಿಗೆ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ಸಿಗುವುದು ತಿಂಗಳಿಗೆ 1,200 ರೂಪಾಯಿ, ದಿನಕ್ಕೆ 40. ಮೊಟ್ಟೆ, ಹಾಲು, ಕಾಳು ಮೂರಕ್ಕೂ ಇಂದಿನ ದರದಲ್ಲಿ 20 ರೂಪಾಯಿ ಆಸುಪಾಸು ಬೇಕು. ಉಳಿದ ಇಪ್ಪತ್ತರಲ್ಲಿ ಮಾತ್ರೆ, ಎಲೆ ಅಡಿಕೆ, ಮೊಮ್ಮಕ್ಕಳ ಕೈಗೆ ಕೊಡುವ ಚಿಲ್ಲರೆ ಎಲ್ಲ ಮುಗಿಯಬೇಕು. ವೃದ್ಧಾಪ್ಯ ವೇತನದಲ್ಲಿ 60ರಿಂದ 79 ವರ್ಷದವರಿಗೆ ಕೇಂದ್ರ ಕೊಡುವ ಪಾಲು ಹಲವು ವರ್ಷಗಳಿಂದ 200 ರೂಪಾಯಿಯಲ್ಲೇ ನಿಂತಿದೆ. ಇದು ಅನ್ಯಾಯದ ಮೊತ್ತ. 2013ರ ಅನ್ನಭಾಗ್ಯ ಹಸಿವನ್ನು ದೂರವಿಟ್ಟಿತು, ಆದರೆ ಚೀಲ ತುಂಬಿದ್ದು ಧಾನ್ಯದಿಂದ. ಹೆಚ್ಚುವರಿ ಅಕ್ಕಿಯ ಬದಲು ತೊಗರಿಬೇಳೆ, ಎಣ್ಣೆ ಮುಂತಾದವುಗಳ ಕಿಟ್ ಕೊಡಲು ರಾಜ್ಯ ಸಚಿವ ಸಂಪುಟ 2025ರ ಅಕ್ಟೋಬರ್‌ನಲ್ಲಿ ತೆಗೆದುಕೊಂಡ ತೀರ್ಮಾನ ಹಿರಿಯರ ಮಟ್ಟಿಗೆ ಸರಿಯಾದ ದಿಕ್ಕಿನದು.

ನೆರೆಯ ತಮಿಳುನಾಡು ಶಾಲಾ ಮಕ್ಕಳ ಮಧ್ಯಾಹ್ನದ ಊಟವನ್ನು 1983ರಲ್ಲೇ ವೃದ್ಧಾಪ್ಯ ವೇತನದಾರರಿಗೂ ವಿಸ್ತರಿಸಿತು. ಕರ್ನಾಟಕದ ಹಳ್ಳಿಗಳ ಬಹುತೇಕ ಸರ್ಕಾರಿ ಶಾಲೆಗಳಲ್ಲಿ ಒಲೆ, ಪಾತ್ರೆಗಳಿವೆ, ಅಡುಗೆಯವರೂ ಈಗಾಗಲೇ ಇದ್ದಾರೆ. ಬಿಸಿಯೂಟದ ಹೊತ್ತಿಗೆ ಒಂಟಿ ಹಿರಿಯರಿಗೂ ಎಲೆ ಹಾಕುವುದಕ್ಕೆ ಹೊಸ ಕಟ್ಟಡ ಬೇಡ. ಅಲ್ಲಿ ಸಿಗುವುದು ಊಟವಷ್ಟೇ ಅಲ್ಲ, ಉಣ್ಣುವಾಗ ಪಕ್ಕದಲ್ಲೊಬ್ಬರು.

ತೂಕ ನೋಡುವ ಕೆಲಸಕ್ಕೂ ಹೊಸ ಇಲಾಖೆ ಬೇಕಾಗಿಲ್ಲ. 2024ರ ಅಕ್ಟೋಬರ್‌ನಲ್ಲಿ ಪಕ್ಕದ ಕೋಲಾರದಲ್ಲೇ ಚಾಲನೆಗೊಂಡ ‘ಗೃಹ ಆರೋಗ್ಯ’ ಯೋಜನೆಯಲ್ಲಿ ಸಿಬ್ಬಂದಿ ಮನೆಮನೆಗೆ ಹೋಗಿ ರಕ್ತದೊತ್ತಡ, ಸಕ್ಕರೆ ನೋಡುತ್ತಾರೆ. ಆ ಭೇಟಿಯಲ್ಲೇ 60 ದಾಟಿದವರ ತೂಕವನ್ನು ಚೀಟಿಯಲ್ಲಿ ಬರೆದು, ಹಿಂದಿನ ಸಲದ ತೂಕದ ಜೊತೆ ಹೋಲಿಸಿ, ಶೇ 5ಕ್ಕಿಂತ ಹೆಚ್ಚು ಇಳಿದಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸುವ ನಿಯಮವಾಗಬೇಕು. ಅಲ್ಲಿ ಬಾಯಿ ನೋಡಿ, ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಪಟ್ಟಿ ನೋಡಿ, ಕಫ, ಸಕ್ಕರೆ, ಥೈರಾಯ್ಡ್ ಪರೀಕ್ಷೆ ಮಾಡಿಸಬೇಕು. ಹದಿನಾಲ್ಕು ಅಂಕಗಳ ಕಿರು ಪೌಷ್ಟಿಕತಾ ಪರೀಕ್ಷೆ ಐದು ನಿಮಿಷದ ಕೆಲಸ: 12 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಚಿಂತೆಯಿಲ್ಲ, 8ರಿಂದ 11ರವರೆಗೆ ಎಚ್ಚರ, 7ಕ್ಕೆ ಇಳಿದರೆ ಕೊರತೆ. ಅದರಾಚೆಯ ಚಿಕಿತ್ಸೆ ಬೇಕಾದ ಅನುಗೊಂಡನಹಳ್ಳಿ ಸುತ್ತಿನವರಿಗೆ ದಂಡುಪಾಳ್ಯದಲ್ಲಿ ಎಂ.ವಿ.ಜೆ. ವೈದ್ಯಕೀಯ ಕಾಲೇಜಿದೆ, ದಕ್ಷಿಣಕ್ಕೆ ಮುಗಳೂರಿನಲ್ಲಿ ಸೇಂಟ್ ಜಾನ್ಸ್ ಕಾಲೇಜಿನ ಗ್ರಾಮೀಣ ಕೇಂದ್ರವಿದೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರ 45 ದಾಟಿದ ಹತ್ತು ಸಾವಿರ ಗ್ರಾಮಸ್ಥರನ್ನು ವರ್ಷಾನುಗಟ್ಟಲೆ ಹಿಂಬಾಲಿಸುವ ಅಧ್ಯಯನ ನಡೆಸುತ್ತಿದೆ. ಹಳ್ಳಿಯ ಹಿರಿಯರನ್ನು ಒಮ್ಮೆ ಎಣಿಸಿ ಬಿಡದೆ ಮತ್ತೆ ಮತ್ತೆ ಅಳೆಯುವುದು ಈ ಬಯಲುಸೀಮೆಯಲ್ಲೇ ಸಾಧ್ಯವಾಗಿದೆ ಎಂಬುದಕ್ಕೆ ಅದೇ ಸಾಕ್ಷಿ. ಅನುಗೊಂಡನಹಳ್ಳಿ ಹೋಬಳಿಯಲ್ಲಿ ಇದಕ್ಕೆ ಬೇಕಾದದ್ದು ಪ್ರತಿ ಉಪಕೇಂದ್ರಕ್ಕೆ ಒಂದು ನಂಬಿಗಸ್ತ ತಕ್ಕಡಿ, ಒಂದು ಟೇಪು, ಮತ್ತು ಮೂರು ತಿಂಗಳಿಗೊಮ್ಮೆ ಬರೆದದ್ದನ್ನು ಓದಿ ನೋಡುವ ಒಬ್ಬ ಆರೋಗ್ಯಾಧಿಕಾರಿ.